ನಾಲ್ಕು ಖಂಡಕ್ಕೆ ಮೂರೇ ವಿಮಾನ: ಒಂದು ದ್ವೀಪದೇಶದ ರಾಷ್ಟ್ರೀಯ ವಿಮಾನಸಂಸ್ಥೆಯ ಪ್ರಕರಣ

ಪಶ್ಚಿಮ ಆಫ್ರಿಕಾದ ಸಣ್ಣ ದೇಶಗಳ ವಿಮಾನಸಂಸ್ಥೆಗಳು ಮುಳುಗಿದಾಗಲೆಲ್ಲ ಭ್ರಷ್ಟಾಚಾರ, ಅದಕ್ಷತೆ, ರಾಜಕೀಯ ಹಸ್ತಕ್ಷೇಪ ಎಂದು ಷರಾ ಬರೆದು ಕಡತ ಮುಚ್ಚುವುದು ರೂಢಿ. ಇಲ್ಲಿ ಬಿಡಿಸಿ ನೋಡುವ ಪ್ರಕರಣಕ್ಕೆ ಆ ಷರಾ ಸಾಲದು. ಈ ಸಂಸ್ಥೆಯ ಯೋಜನೆಯಲ್ಲಿ ನಕ್ಷೆಯ ಲೆಕ್ಕ ಸರಿಯಿತ್ತು, ಜಾಗ ಸರಿಯಿತ್ತು, ಪ್ರಯಾಣಿಕರೂ ಇದ್ದರು. ತಪ್ಪಿದ್ದು ಗಡಿಯಾರದ ಲೆಕ್ಕ ಮತ್ತು ವಿಮಾನಗಳ ಎಣಿಕೆ.

ದೇಶ ಕೇಪ್ ವರ್ಡ್. ಇಲ್ಲಿ ಭೂಗೋಳವೇ ಅರ್ಧ ಪ್ರಕರಣವಾದ್ದರಿಂದ ದೇಶದ ಹೆಸರು ಬಿಟ್ಟರೆ ಏನೂ ಅರ್ಥವಾಗದು. ಆದರೆ ಮಂತ್ರಿಗಳು, ಅಧಿಕಾರಿಗಳು, ವಿಮಾನ ಬಾಡಿಗೆಗೆ ಕೊಟ್ಟ ಕಂಪನಿಗಳು, ಬಂಡವಾಳ ಹಾಕಿದವರು, ಇವರಲ್ಲಿ ಯಾರ ಹೆಸರೂ ಇಲ್ಲಿಲ್ಲ. ವಿಮಾನಸಂಸ್ಥೆಯನ್ನು ‘ಸಂಸ್ಥೆ’ ಎಂದೂ, ಹೊರದೇಶದಿಂದ ಬಂದ ಹೂಡಿಕೆದಾರರನ್ನು ‘ಪಾಲುದಾರ’ ಎಂದೂ ಕರೆಯಲಾಗಿದೆ. ಯಾರು ಮಾಡಿದರು ಎನ್ನುವುದಕ್ಕಿಂತ ಯಾವ ಹೊತ್ತಿನಲ್ಲಿ ಯಾವ ನಿರ್ಧಾರವಾಯಿತು ಎನ್ನುವುದು ಮುಖ್ಯ.

ಹಿನ್ನೆಲೆ

ಸೆನೆಗಲ್ ಕರಾವಳಿಯಿಂದ ಪಶ್ಚಿಮಕ್ಕೆ ಸುಮಾರು 600 ಕಿ.ಮೀ. ದೂರ, ಅಟ್ಲಾಂಟಿಕ್ ಸಾಗರದಲ್ಲಿ ಹತ್ತು ದ್ವೀಪಗಳು. ಒಂಬತ್ತರಲ್ಲಿ ಜನವಸತಿ. ಎಲ್ಲ ಸೇರಿ 4,033 ಚದರ ಕಿ.ಮೀ. ನೆಲ, 5 ಲಕ್ಷದ ಆಸುಪಾಸು ಜನ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಇರುವುದು ಸಾಂಟಿಯಾಗೊ ಎಂಬ ಒಂದೇ ದ್ವೀಪದಲ್ಲಿ. ರಾಜಧಾನಿ ಪ್ರಾಯಾ ಇರುವುದೂ ಅಲ್ಲೇ. ಊರಿನಲ್ಲಿ ಉಳಿದವರಿಗಿಂತ ಹೊರಗೆ ನೆಲೆಸಿದವರ ಸಂಖ್ಯೆ ದೊಡ್ಡದು: ಅಮೆರಿಕದ ಬಾಸ್ಟನ್ ಸುತ್ತಮುತ್ತ, ಲಿಸ್ಬನ್, ಪ್ಯಾರಿಸ್, ರಾಟರ್‌ಡ್ಯಾಮ್. ಜುಲೈ, ಆಗಸ್ಟ್ ಮತ್ತು ಕ್ರಿಸ್‌ಮಸ್ ಹೊತ್ತಿಗೆ ಇವರೆಲ್ಲ ಊರಿಗೆ ಹೊರಡುತ್ತಾರೆ. ಬರುವಾಗ ತುಂಬಿ ಬಂದ ವಿಮಾನ ಹಿಂದಿರುಗುವಾಗ ಅರ್ಧ ಖಾಲಿ. ರಜೆ ಮುಗಿಯುತ್ತಿದ್ದಂತೆ ಇದೇ ತಿರುವುಮುರುವು.

ದೇಶದ ಅತಿ ಉದ್ದದ ರನ್‌ವೇ ಮಾತ್ರ ರಾಜಧಾನಿಯಲ್ಲಿಲ್ಲ. ಅದಿರುವುದು ಸಾಲ್ ಎಂಬ ಸಪಾಟಾದ ದ್ವೀಪದಲ್ಲಿ. ಆ ಹೆಸರಿಗೆ ‘ಉಪ್ಪು’ ಎಂದೇ ಅರ್ಥ, ಜನಸಂಖ್ಯೆ 40 ಸಾವಿರದೊಳಗೆ. 1939ರಲ್ಲಿ ಇಟಲಿಯವರು ದಕ್ಷಿಣ ಅಮೆರಿಕಕ್ಕೆ ಹೋಗುವ ತಮ್ಮ ವಿಮಾನಗಳ ನಡುದಾರಿಯ ತಂಗುದಾಣವಾಗಿ ಅಲ್ಲಿ ನಿಲ್ದಾಣ ಕಟ್ಟಿದರು. 1960ರ ದಶಕದಿಂದ ಅದಕ್ಕೆ ಇನ್ನೊಂದು ಕೆಲಸ ಸಿಕ್ಕಿತು. ವರ್ಣಭೇದ ನೀತಿಯ ಕಾರಣಕ್ಕೆ ಆಫ್ರಿಕಾದ ಹೆಚ್ಚಿನ ದೇಶಗಳು ದಕ್ಷಿಣ ಆಫ್ರಿಕಾದ ವಿಮಾನಗಳಿಗೆ ತಮ್ಮ ಆಕಾಶವನ್ನು ಮುಚ್ಚಿದ್ದರಿಂದ, ಅವು ಖಂಡವನ್ನು ಸುತ್ತುಹಾಕಿ ಬಂದು ಸಾಲ್‌ನಲ್ಲಿ ಇಂಧನ ತುಂಬಿಸಿಕೊಳ್ಳುತ್ತಿದ್ದವು. 1975ರಲ್ಲಿ ಪೋರ್ಚುಗಲ್‌ನಿಂದ ಸ್ವತಂತ್ರವಾದ ಬಡ ದೇಶಕ್ಕೆ ಇದು ದೊಡ್ಡ ಆದಾಯ. ನಡುಸಾಗರದ ಈ ಬಂಡೆಯೇ ನಮ್ಮ ಬಂಡವಾಳ ಎಂಬ ನಂಬಿಕೆ ಅಲ್ಲಿನ ಆಡಳಿತದಲ್ಲಿ ಬೇರುಬಿಟ್ಟದ್ದು ಆಗ. ಅದರಲ್ಲೊಂದು ಸೂಕ್ಷ್ಮವಿತ್ತು. ಸಾಲ್‌ನ ಹಣ ಬರುತ್ತಿದ್ದುದು ನಿಲ್ದಾಣಕ್ಕೆ ಮತ್ತು ಇಂಧನ ಮಾರಿದವರಿಗೆ. ಇಳಿಯುವ ವಿಮಾನ ಯಾರದ್ದೋ, ಅದರ ಸೀಟು ಖಾಲಿಯಿದ್ದರೆ ನಷ್ಟವೂ ಅವರದ್ದೇ. ಸ್ವಂತ ವಿಮಾನ ಹಾರಿಸಿ ಅದೇ ಬಂಡೆಯಿಂದ ಗಳಿಸುವುದು ಪೂರ್ತಿ ಬೇರೆ ವ್ಯಾಪಾರ.

ಸಂಸ್ಥೆ ಹುಟ್ಟಿದ್ದು 1958ರ ಡಿಸೆಂಬರ್‌ನಲ್ಲಿ, ಸ್ಥಳೀಯ ಏರೋ ಕ್ಲಬ್ಬಿನ ಕೆಲಸವನ್ನು ವಹಿಸಿಕೊಂಡು. ದಶಕಗಳ ಕಾಲ ಅದರ ಕಸುಬು ದ್ವೀಪದಿಂದ ದ್ವೀಪಕ್ಕೆ ಜನರನ್ನು, ಔಷಧಿಯನ್ನು, ಅಂಚೆಯನ್ನು ಮುಟ್ಟಿಸುವುದು. 1990ರ ದಶಕದಲ್ಲಿ ಎಟಿಆರ್ ಟರ್ಬೊಪ್ರಾಪ್‌ಗಳು, ಅಂದರೆ ಪ್ರೊಪೆಲ್ಲರ್‌ನ ಸಣ್ಣ ವಿಮಾನಗಳು, ಬಂದವು. 1996ರಲ್ಲಿ ಒಂದು ಬೋಯಿಂಗ್ 757-200 ಬಂತು. ಒಂದೇ ಒಂದು. ಯುರೋಪಿಗೂ ಅಮೆರಿಕಕ್ಕೂ ದೇಶದ ಬಾವುಟ ಹೊತ್ತು ಹಾರಲು ಅಷ್ಟರಿಂದಲೇ ಶುರು. 2003ರಲ್ಲಿ ಅಮೆರಿಕದ ವಿಮಾನಯಾನ ನಿಯಂತ್ರಕರು ದೇಶದ ಸುರಕ್ಷತಾ ಉಸ್ತುವಾರಿಗೆ ಮೊದಲ ದರ್ಜೆ ಕೊಟ್ಟರು. ಈ ದರ್ಜೆ ಇಲ್ಲದಿದ್ದರೆ ಸ್ವಂತ ವಿಮಾನದಲ್ಲಿ ಅಮೆರಿಕಕ್ಕೆ ಹೊಸ ಸೇವೆ ಆರಂಭಿಸುವಂತಿಲ್ಲ. ದರ್ಜೆ ಇರುವ ಬೇರೆ ದೇಶದ ಕಂಪನಿಯಿಂದ ಪೈಲಟ್ ಸಮೇತ ವಿಮಾನ ಬಾಡಿಗೆಗೆ ತರಬೇಕು. ಪಶ್ಚಿಮ ಆಫ್ರಿಕಾದಲ್ಲಿ ಇದನ್ನು ಗಳಿಸಿದ ದೇಶಗಳೇ ಬೆರಳೆಣಿಕೆಯಷ್ಟು. ಐದು ಲಕ್ಷ ಜನರ ದೇಶ ಈ ಪರೀಕ್ಷೆ ಪಾಸಾದದ್ದು ಸಣ್ಣ ಸಾಧನೆಯಲ್ಲ.

ದೇಶದೊಳಗಿನ ಹಾರಾಟದ ಕಷ್ಟಗಳನ್ನೂ ಇಲ್ಲೇ ಹೇಳಬೇಕು. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಸಹಾರಾದ ದೂಳು ಸಾಗರ ದಾಟಿ ಬಂದು ಆಕಾಶವನ್ನು ಮಬ್ಬಾಗಿಸುತ್ತದೆ. ‘ಬ್ರೂಮಾ ಸೆಕಾ’, ಅಂದರೆ ಒಣ ಮಂಜು, ಎಂದು ಅಲ್ಲಿನವರು ಅದನ್ನು ಕರೆಯುತ್ತಾರೆ. ಸಣ್ಣ ದ್ವೀಪಗಳ ನಿಲ್ದಾಣಗಳಲ್ಲಿ ಪೈಲಟ್ ಕಣ್ಣಳತೆಯನ್ನೇ ನೆಚ್ಚಬೇಕಾದ್ದರಿಂದ ದಿನಗಟ್ಟಲೆ ಹಾರಾಟ ರದ್ದಾಗುತ್ತದೆ. ಉಪ್ಪುಗಾಳಿಗೆ ಎಂಜಿನ್ನಿನ ಕಂಪ್ರೆಸರ್ ಬ್ಲೇಡುಗಳ ಮೇಲೆ ಪೊರೆ ಕಟ್ಟುತ್ತದೆ. ಸಿಹಿನೀರಿನಿಂದ ಪದೇಪದೇ ತೊಳೆಯದಿದ್ದರೆ ಶಕ್ತಿ ಕುಗ್ಗಿ, ಎಂಜಿನ್ ಕಾವು ಏರಿ, ಬೇಗ ಕಳಚಬೇಕಾಗುತ್ತದೆ. ಅರ್ಧ ಗಂಟೆ, ಮುಕ್ಕಾಲು ಗಂಟೆಯ ಹಾರಾಟಗಳಾದ್ದರಿಂದ ಏರುವುದು ಇಳಿಯುವುದೇ ಹೆಚ್ಚು. ಚಕ್ರದ ಟೈರ್, ಬ್ರೇಕ್, ಲ್ಯಾಂಡಿಂಗ್ ಗೇರ್ ಸವೆಯುವುದು ಗಂಟೆಯ ಲೆಕ್ಕದಲ್ಲಲ್ಲ, ಇಳಿದ ಲೆಕ್ಕದಲ್ಲಿ. 1999ರ ಆಗಸ್ಟ್ 7ರಂದು ಕರಾವಳಿ ಕಾವಲು ಪಡೆಯ ಡಾರ್ನಿಯರ್ 228 ವಿಮಾನವೊಂದು, ಸಂಸ್ಥೆಯ ಪರವಾಗಿ ಹಾರುತ್ತಿದ್ದಾಗ, ಕೆಟ್ಟ ಹವೆಯಲ್ಲಿ ಸಾಂಟೊ ಆಂಟಾವ್ ದ್ವೀಪದ ಬೆಟ್ಟಕ್ಕೆ ಬಡಿದು ಅದರಲ್ಲಿದ್ದ 18 ಮಂದಿಯೂ ಸತ್ತರು. ಆ ದ್ವೀಪದ ನಿಲ್ದಾಣ ಆಮೇಲೆ ಮುಚ್ಚಿಹೋಯಿತು.

ಸಮಸ್ಯೆ ಬೆಳೆದ ಬಗೆ

2010ರ ದಶಕದ ನಡುವಿಗೆ ಬರುವಷ್ಟರಲ್ಲಿ ಸಂಸ್ಥೆಯ ಹೆಗಲ ಮೇಲೆ ಎರಡು ಭಾರ. ಒಂದು, ದ್ವೀಪಗಳ ನಡುವಿನ ಸೇವೆ. ಇದು ಬಸ್ಸಿನಂತೆ ನಡೆಯಬೇಕಾದ್ದು, ಲಾಭ ತರುವುದಲ್ಲ. ಇನ್ನೊಂದು, ಹೊರದೇಶದ ಮಾರ್ಗಗಳು. ಅಲ್ಲಿ ಲಿಸ್ಬನ್ನಿನ ದೊಡ್ಡ ಸಂಸ್ಥೆಯೊಂದಿಗೆ ನೇರ ಪೈಪೋಟಿ. ಎರಡಕ್ಕೂ ಒಂದೇ ಲೆಕ್ಕದ ಪುಸ್ತಕ. ಯಾವುದರಿಂದ ಎಷ್ಟು ನಷ್ಟ ಎಂದು ಹೊರಗಿನವರಿಗೆ ತಿಳಿಯುತ್ತಿರಲಿಲ್ಲ, ಒಳಗಿನವರಿಗೂ ಸ್ಪಷ್ಟವಿರಲಿಲ್ಲ. ಸರ್ಕಾರ ಟಿಕೆಟ್ ದರಕ್ಕೆ ಮಿತಿ ಹಾಕುತ್ತದೆ, ಆ ನಷ್ಟವನ್ನು ತುಂಬಿಕೊಡುವ ಲಿಖಿತ ಒಪ್ಪಂದ ಇರುವುದಿಲ್ಲ. ವರ್ಷದ ಕೊನೆಗೆ ಸಾಲಕ್ಕೆ ಸರ್ಕಾರಿ ಖಾತರಿ. ಖಾತರಿ ಹಣವಲ್ಲ. ಅದರಿಂದ ಹಳೆಯ ಸಾಲ ಮುಂದಕ್ಕೆ ಹೋಗುತ್ತದೆ, ಅಷ್ಟೆ. ಬಾಕಿ ಏರುತ್ತ ಸುಮಾರು 10 ಕೋಟಿ ಯೂರೋ ಮುಟ್ಟಿತು.

ವಿನಿಮಯ ದರದ ಹೊಡೆತವನ್ನು ಇಂಥ ಪ್ರಕರಣಗಳಲ್ಲಿ ಹೆಚ್ಚಿನವರು ಗಮನಿಸುವುದಿಲ್ಲ. ಕೇಪ್ ವರ್ಡ್‌ನ ಎಸ್ಕುಡೊ ಯೂರೋಗೆ ಕಟ್ಟಿಹಾಕಿದ ನಾಣ್ಯ: ಒಂದು ಯೂರೋಗೆ 110.265 ಎಸ್ಕುಡೊ, ಎಂದೂ ಬದಲಾಗದು. ಟಿಕೆಟ್ ಮಾರುವುದು ಎಸ್ಕುಡೊ, ಯೂರೋಗಳಲ್ಲಿ. ವಿಮಾನದ ಬಾಡಿಗೆ, ಬಿಡಿಭಾಗ, ಎಂಜಿನ್ ದುರಸ್ತಿ, ವಿಮೆ ಎಲ್ಲ ಡಾಲರ್‌ನಲ್ಲಿ. 2014ರ ಮೊದಲರ್ಧದಲ್ಲಿ ಒಂದು ಯೂರೋಗೆ ಸುಮಾರು 1.38 ಡಾಲರ್ ಇತ್ತು. ಒಂದೇ ವರ್ಷದಲ್ಲಿ 1.10ರ ಹತ್ತಿರಕ್ಕೆ ಇಳಿಯಿತು. ಅಂದರೆ 80 ಎಸ್ಕುಡೊಗೆ ಸಿಗುತ್ತಿದ್ದ ಡಾಲರ್‌ಗೆ 100 ಎಸ್ಕುಡೊ. ಒಂದು ಹೊಸ ವಿಮಾನವನ್ನೂ ತರದೆ ಬಾಡಿಗೆಯ ಹೊರೆ ನಾಲ್ಕನೇ ಒಂದು ಭಾಗ ಹೆಚ್ಚಿತು. ಆ ಹೊತ್ತಿನಲ್ಲೇ ಇಂಧನ ಅಗ್ಗವಾದ್ದರಿಂದ ಗಾಯ ಕಾಣಲಿಲ್ಲ. ಇಂಧನದ ಖರ್ಚು ಹಾರದಿದ್ದರೆ ಇಲ್ಲ, ಬಾಡಿಗೆ ಹಾರದಿದ್ದರೂ ಇದೆ.

ಮೊದಲ ತಿರುವು 2016ರ ಫೆಬ್ರವರಿಯಲ್ಲಿ. ಬಾಡಿಗೆ ಬಾಕಿಗಾಗಿ ಸಂಸ್ಥೆಯ ಬೋಯಿಂಗ್ 737-800 ವಿಮಾನವನ್ನು ನೆದರ್ಲೆಂಡ್ಸ್‌ನಲ್ಲಿ ಜಪ್ತಿ ಮಾಡಲಾಯಿತು. ಬಾಡಿಗೆ ಕೊಟ್ಟವರು ವಿಮಾನವನ್ನು ಅದರ ಸ್ವಂತ ದೇಶದಲ್ಲಿ ಹಿಡಿಯಲು ಹೋಗುವುದಿಲ್ಲ. ಕೋರ್ಟು ಬೇಗ ಆದೇಶ ಕೊಡುವ ದೇಶದಲ್ಲಿ ಅದು ಇಳಿಯುವ ದಿನಕ್ಕೆ ಕಾಯುತ್ತಾರೆ. ಬಾಕಿ ಉಳಿಸಿಕೊಂಡ ಸಣ್ಣ ಸಂಸ್ಥೆಗೆ ಅದರ ಅತ್ಯುತ್ತಮ ಮಾರ್ಗಗಳೇ ಅತ್ಯಂತ ಅಪಾಯದ ಮಾರ್ಗಗಳಾಗುವುದು ಹೀಗೆ. ಹತ್ತಾರು ವಿಮಾನಗಳ ಸಂಸ್ಥೆಗೆ ಒಂದು ಜಪ್ತಿ ಅವಮಾನದ ಸುದ್ದಿ. ಎರಡು ಜೆಟ್‌ಗಳ ಸಂಸ್ಥೆಗೆ ಅದು ಅರ್ಧ ವೇಳಾಪಟ್ಟಿ.

ಮಾಡಿದ ಪ್ರಯತ್ನಗಳು

2016ರಲ್ಲಿ ಬಂದ ಹೊಸ ಸರ್ಕಾರ ಮುಂದಿನ ವರ್ಷ ಎರಡು ದೊಡ್ಡ ನಿರ್ಧಾರ ಮಾಡಿತು. 2017ರ ಆಗಸ್ಟ್‌ನಿಂದ ಸಂಸ್ಥೆ ದ್ವೀಪಗಳ ನಡುವೆ ಹಾರುವುದನ್ನು ನಿಲ್ಲಿಸಿತು. ಆ ಕೆಲಸ, ಹಿಂದಿನ ವರ್ಷದ ಕೊನೆಗೆ ಎಟಿಆರ್ 72ಗಳೊಂದಿಗೆ ಬಂದಿದ್ದ ಖಾಸಗಿ ಕಂಪನಿಯ ಪಾಲಾಯಿತು. ಅದೇ ತಿಂಗಳು ಸಂಸ್ಥೆಯ ಆಡಳಿತವನ್ನು ಐಸ್‌ಲೆಂಡ್‌ನ ಪಾಲುದಾರನಿಗೆ ಗುತ್ತಿಗೆ ಮೇಲೆ ಒಪ್ಪಿಸಲಾಯಿತು. ಯೋಚನೆ ಸರಳ. ಐಸ್‌ಲೆಂಡ್ ಕೂಡ ಅಟ್ಲಾಂಟಿಕ್ ನಡುವಿನ, ಕಡಿಮೆ ಜನರಿರುವ ದ್ವೀಪ. ಯುರೋಪ್ ಮತ್ತು ಉತ್ತರ ಅಮೆರಿಕದ ನಡುವಿನ ಪ್ರಯಾಣಿಕರನ್ನು ತನ್ನ ನೆಲದಲ್ಲಿ ವಿಮಾನ ಬದಲಿಸುವಂತೆ ಮಾಡಿ ಅದು ದೊಡ್ಡ ವ್ಯಾಪಾರ ಕಟ್ಟಿತ್ತು. ಉತ್ತರದಲ್ಲಿ ಆದದ್ದು ದಕ್ಷಿಣದಲ್ಲಿ ಯಾಕೆ ಆಗಬಾರದು?

2018ರ ಆರಂಭದಿಂದ ಕಾರ್ಯಾಚರಣೆಯ ಕೇಂದ್ರ ಪ್ರಾಯಾದಿಂದ ಸಾಲ್‌ಗೆ ಸರಿಯಿತು. ಸಿಬ್ಬಂದಿಯೂ ಸಂಸಾರ ಕಟ್ಟಿಕೊಂಡು ಹೋದರು. 2019ರ ಮಾರ್ಚ್‌ನಲ್ಲಿ ಶೇ. 51 ಷೇರು 13 ಲಕ್ಷ ಯೂರೋಗೆ ಪಾಲುದಾರನ ಕೈಗೆ ಹೋಯಿತು. ಉಳಿದ ಷೇರುಗಳಲ್ಲಿ ಒಂದಿಷ್ಟನ್ನು ನೌಕರರಿಗೆ, ವಲಸೆ ಹೋದವರಿಗೆ ಎಂದು ಮೀಸಲಿಡಲಾಯಿತು. ಹಳೆಯ ಬಾಕಿಯ ದೊಡ್ಡ ಭಾಗ ಸರ್ಕಾರದ ಹೆಗಲಲ್ಲೇ ಉಳಿಯಿತು. ಅರ್ಧಕ್ಕಿಂತ ಹೆಚ್ಚು ಷೇರಿಗೆ 13 ಲಕ್ಷ ಯೂರೋ ಎಂದಾಗ ದೇಶದಲ್ಲಿ ಕೂಗೆದ್ದಿತು. ಆದರೆ ಬೆಲೆಯಷ್ಟೇ ಮುಖ್ಯವಾಗಿ ಚರ್ಚೆಯಾಗಬೇಕಿದ್ದುದು ವಿಮಾನಗಳು ಎಲ್ಲಿಂದ ಬರುತ್ತವೆ ಎನ್ನುವುದು. ಅದು ಮುಂದೆ.

ನಕ್ಷೆ ಹಿಡಿದು ಅಳೆದರೆ ಈ ಯೋಜನೆಯ ಸೊಗಸು ಕಾಣುತ್ತದೆ. ಲಾಗೋಸ್‌ನಿಂದ ವಾಷಿಂಗ್ಟನ್‌ಗೆ ನೇರ ದೂರ ಸುಮಾರು 8,750 ಕಿ.ಮೀ. ಸಾಲ್ ಮೂಲಕ ಹೋದರೆ 3,060 ಮತ್ತು 5,810 ಸೇರಿ 8,870. ಸುತ್ತು ಬರೀ 120 ಕಿ.ಮೀ. ಲಿಸ್ಬನ್‌ನಿಂದ ಬ್ರೆಜಿಲ್‌ನ ಫೋರ್ಟಲೇಜಾಕ್ಕೆ ನೇರವಾಗಿ ಸುಮಾರು 5,600. ಸಾಲ್ ಮೂಲಕ 5,650. ಎರಡು ದೊಡ್ಡ ಹಾದಿಗಳು ಒಂದರ ಮೇಲೊಂದು ಹಾಯುವ ಜಾಗದಲ್ಲಿ ದ್ವೀಪ ಕೂತಿದೆ. ಹಾದಿಯನ್ನು ಎರಡು ತುಂಡು ಮಾಡಿದ್ದರಿಂದ ದೊಡ್ಡ ಅಗಲ ದೇಹದ ವಿಮಾನ ಬೇಡ. ಸೀಟುಗಳ ನಡುವೆ ಒಂದೇ ಓಡಾಟದ ದಾರಿ ಇರುವ 757 ಸಾಕು. ನಡುವೆ ಏಳು ದಿನದವರೆಗೆ ದ್ವೀಪಗಳಲ್ಲಿ ತಂಗಿದರೂ ಟಿಕೆಟ್ ದರ ಹೆಚ್ಚುವುದಿಲ್ಲ ಎಂಬ ಆಕರ್ಷಣೆಯೂ ಇತ್ತು. 2019ರ ಕೊನೆಗೆ ಲಿಸ್ಬನ್, ಪ್ಯಾರಿಸ್, ಮಿಲಾನ್, ರೋಮ್, ಬಾಸ್ಟನ್, ಡಕಾರ್, ಬ್ರೆಜಿಲ್‌ನ ಹಲವು ನಗರಗಳು, ಅವುಗಳ ಮೇಲೆ ಆ ಡಿಸೆಂಬರ್‌ನಲ್ಲಿ ವಾಷಿಂಗ್ಟನ್ ಮತ್ತು ಲಾಗೋಸ್ ವೇಳಾಪಟ್ಟಿಯಲ್ಲಿದ್ದವು. ಜೆಟ್ ವಿಮಾನಗಳು ಮೂರು.

ಗಡಿಯಾರದ ಲೆಕ್ಕ

ಪ್ರಕರಣದ ತಿರುಳು ಇರುವುದು ಇಲ್ಲಿ, ಹಾಗಾಗಿ ನಿಧಾನವಾಗಿ ಲೆಕ್ಕ ಹಾಕೋಣ.

ಸಾಲ್‌ನಿಂದ ಬಾಸ್ಟನ್‌ಗೆ 5,400 ಕಿ.ಮೀ. ಎದುರುಗಾಳಿಯಲ್ಲಿ ಹೋಗುವಾಗ ಏಳೂವರೆ ಗಂಟೆ, ಬರುವಾಗ ಆರೂವರೆ. ಅಲ್ಲಿ ಇಳಿಸಿ, ಶುಚಿ ಮಾಡಿ, ಇಂಧನ ತುಂಬಿ, ಹತ್ತಿಸಲು ಎರಡು ಗಂಟೆ. ಒಟ್ಟು 16. ಲಿಸ್ಬನ್‌ಗೆ 2,800 ಕಿ.ಮೀ., ಹೋಗಿ ಬರಲು ಎಂಟು ಗಂಟೆ, ಅಲ್ಲೊಂದು ಗಂಟೆ, ಸಾಲ್‌ನಲ್ಲಿ ಮತ್ತೆ ಹೊರಡುವ ಮೊದಲು ಒಂದು ಗಂಟೆ. ಒಟ್ಟು 10. ಎರಡೂ ಕೂಡಿದರೆ 26 ಗಂಟೆ. ಒಂದು ವಿಮಾನ ಒಂದು ದಿನದಲ್ಲಿ ಬಾಸ್ಟನ್ ಮತ್ತು ಲಿಸ್ಬನ್ ಎರಡನ್ನೂ ಮುಗಿಸಲಾರದು. ಎರಡೇ ಎರಡು ಗಂಟೆಯ ಕೊರತೆ, ಆದರೆ ದಾಟಲಾಗದ ಕೊರತೆ. ಹಾಗಾಗಿ ಒಂದು ವಿಮಾನ ಅಮೆರಿಕಕ್ಕೆ, ಒಂದು ಯುರೋಪ್‌ಗೆ, ಇನ್ನೊಂದು ಬ್ರೆಜಿಲ್ ಮತ್ತು ಆಫ್ರಿಕಾಕ್ಕೆ ಎಂದು ಹಂಚಿದ ಕ್ಷಣವೇ ಮೂರೂ ಮುಗಿದವು. ಬದಲಿಗೆ ಒಂದೂ ಇಲ್ಲ.

ಹಬ್, ಅಂದರೆ ಪ್ರಯಾಣಿಕರು ವಿಮಾನ ಬದಲಿಸುವ ಕೇಂದ್ರ, ಎಂಬುದರ ಲಾಭ ಗುಣಾಕಾರದಿಂದ ಬರುತ್ತದೆ. ಒಂದೇ ಹೊತ್ತಿಗೆ ಹತ್ತು ಊರುಗಳಿಂದ ವಿಮಾನ ಬಂದು, ಎರಡು ಗಂಟೆ ಬಿಟ್ಟು ಹತ್ತು ಊರುಗಳಿಗೆ ಹೊರಟರೆ ನೂರರ ಹತ್ತಿರ ಜೋಡಿ ಊರುಗಳ ಪ್ರಯಾಣಿಕರು ಸಿಗುತ್ತಾರೆ. ಮೂರು ಬಂದು ಮೂರು ಹೊರಟರೆ ಒಂಬತ್ತು. ಅದರಲ್ಲೂ ಬಂದ ದಾರಿಯಲ್ಲೇ ಯಾರೂ ಹಿಂದಿರುಗುವುದಿಲ್ಲವಾದ್ದರಿಂದ ಆರು. ಮಾರ್ಗಗಳು ದಿನವೂ ಇರದಿದ್ದರೆ ಇನ್ನೂ ಕಡಿಮೆ. ವಾಷಿಂಗ್ಟನ್‌ಗೆ ವಾರಕ್ಕೆ ಮೂರು, ಲಾಗೋಸ್‌ಗೆ ಐದು ಹಾರಾಟ ಇಟ್ಟರೆ ಇವೆರಡೂ ಕೂಡುವುದು ಹೆಚ್ಚೆಂದರೆ ಮೂರು ದಿನ. ಲಾಗೋಸ್ ವಿಮಾನ ಮೂರು ಗಂಟೆ ತಡವಾಯಿತು ಎಂದುಕೊಳ್ಳಿ. ವಾಷಿಂಗ್ಟನ್ ವಿಮಾನವನ್ನು ಕಾಯಿಸಿದರೆ ಪೈಲಟ್‌ಗಳ ಕೆಲಸದ ಗಂಟೆ ಮೀರುತ್ತದೆ, ಮರುದಿನದ ಸರಪಣಿ ಕೆಡುತ್ತದೆ. ಕಾಯಿಸದಿದ್ದರೆ ಅಷ್ಟೂ ಮಂದಿಗೆ ಮುಂದಿನ ವಿಮಾನದವರೆಗೆ, ಎರಡು ಮೂರು ದಿನ, ಊಟ ಮತ್ತು ಹೋಟೆಲ್. ದಿನಕ್ಕೆ ಎರಡು ಹಾರಾಟ ಇರುವ ದೊಡ್ಡ ಸಂಸ್ಥೆಗೆ ತಪ್ಪಿದ ಕನೆಕ್ಷನ್ ಎಂದರೆ ಆರು ಗಂಟೆಯ ಕಾಯುವಿಕೆ.

ಯುರೋಪಿನ ನಿಯಮ ಇದಕ್ಕೆ ದಂಡ ಸೇರಿಸುತ್ತದೆ. ಯುರೋಪ್ ಒಕ್ಕೂಟದ ನಿಲ್ದಾಣದಿಂದ ಹೊರಡುವ ಯಾವ ದೇಶದ ವಿಮಾನವಾದರೂ, ಯಂತ್ರದೋಷದಿಂದ ಮೂರು ಗಂಟೆಗಿಂತ ತಡವಾಗಿ ಮುಟ್ಟಿದರೆ ಪ್ರತಿ ಪ್ರಯಾಣಿಕರಿಗೆ ಪರಿಹಾರ ಕೊಡಬೇಕು. ಲಿಸ್ಬನ್‌ನಿಂದ ಸಾಲ್‌ಗೆ 1,500ರಿಂದ 3,500 ಕಿ.ಮೀ. ವರ್ಗ: ತಲೆಗೆ 400 ಯೂರೋ. 180 ಮಂದಿ ಇದ್ದರೆ 72,000 ಯೂರೋ. ಅದೇ ಪ್ರಯಾಣಿಕ ಒಂದೇ ಟಿಕೆಟ್ಟಿನಲ್ಲಿ ಸಾಲ್ ಮೂಲಕ ಫೋರ್ಟಲೇಜಾಕ್ಕೆ ಹೊರಟಿದ್ದು, ಕನೆಕ್ಷನ್ ತಪ್ಪಿ ನಾಲ್ಕು ಗಂಟೆಗೂ ಮೀರಿ ತಡವಾದರೆ, ಲೆಕ್ಕ ಕೊನೆಯ ಊರಿನ ದೂರಕ್ಕೆ ಏರಿ 600 ಯೂರೋ ಆಗುತ್ತದೆ. ಬದಲಿ ವಿಮಾನ ಇಲ್ಲದ ಹಬ್‌ಗೆ ಪ್ರತಿ ಯಂತ್ರದೋಷವೂ ಎರಡು ಸಲ ಬಿಲ್ಲು ಕಳಿಸುತ್ತದೆ.

ವಿಮಾನಗಳ ವಯಸ್ಸನ್ನೂ ನೋಡಬೇಕು. ಬೋಯಿಂಗ್ 757ರ ತಯಾರಿಕೆ 2004ರಲ್ಲೇ ನಿಂತಿತು. ಗಟ್ಟಿ ವಿಮಾನ, ಬಿಸಿಲಲ್ಲೂ ಚೆನ್ನಾಗಿ ಏರುತ್ತದೆ, ಬಾಸ್ಟನ್ ಮುಟ್ಟುವಷ್ಟು ದೂರ ಹಾರುತ್ತದೆ. ಈ ಕೆಲಸಕ್ಕೆ ಅದನ್ನು ಆರಿಸಿದ್ದು ತಪ್ಪಲ್ಲ. ಆದರೆ ಹಳೆಯದಾದಷ್ಟೂ ದೊಡ್ಡ ತಪಾಸಣೆಗಳಲ್ಲಿ ತುಕ್ಕು, ಬಿರುಕು ಸಿಗುತ್ತವೆ, ಹದಿನೈದು ದಿನಕ್ಕೆ ಎಂದು ಕಳಿಸಿದ್ದು ಐದು ವಾರ ಹ್ಯಾಂಗರ್‌ನಲ್ಲೇ ಉಳಿಯುವುದುಂಟು. ಆ ತಪಾಸಣೆಗೆ ಸಾಲ್‌ನಲ್ಲಿ ವ್ಯವಸ್ಥೆ ಇಲ್ಲ, ಹೊರದೇಶಕ್ಕೆ ಖಾಲಿ ಹಾರಿಸಿಕೊಂಡು ಹೋಗಬೇಕು. ಮೂರರಲ್ಲಿ ಒಂದು ಹ್ಯಾಂಗರ್ ಸೇರಿದ ದಿನ ಸಂಸ್ಥೆಯ ಮೂರನೇ ಒಂದು ಭಾಗ ಇಲ್ಲ.

ಎರಡು ಬಿರುಕುಗಳು

ಹಬ್ ಓಡುತ್ತಿದ್ದ ಕಾಲದಲ್ಲೇ ಎರಡು ತೊಂದರೆ ಕಾಣಿಸಿಕೊಂಡವು, ಎರಡೂ ಹಿಂದಿನ ನಿರ್ಧಾರಗಳ ಮಕ್ಕಳು.

ಮೊದಲನೆಯದು ಸ್ವದೇಶದ ಪ್ರಯಾಣಿಕರದ್ದು. ಬಾಸ್ಟನ್‌ನಿಂದ ಹೊರಟ ಅಜ್ಜಿಗೆ ಹೋಗಬೇಕಾದ್ದು ಪ್ರಾಯಾಕ್ಕೋ ಫೋಗೊ ದ್ವೀಪಕ್ಕೋ, ಸಾಲ್‌ಗಲ್ಲ. ಹಿಂದೆ ಒಂದೇ ಸಂಸ್ಥೆಯ ಒಂದೇ ಟಿಕೆಟ್ಟಿನಲ್ಲಿ ಎರಡೂ ಆಗುತ್ತಿತ್ತು. ಈಗ ಎರಡು ಕಂಪನಿ. ಎರಡರ ನಡುವೆ ಗಟ್ಟಿಯಾದ ಇಂಟರ್‌ಲೈನ್ ಒಪ್ಪಂದ (ಒಂದು ಕಂಪನಿಯ ಟಿಕೆಟ್ಟು, ಪೆಟ್ಟಿಗೆಗಳನ್ನು ಇನ್ನೊಂದು ಒಪ್ಪಿಕೊಳ್ಳುವ ಏರ್ಪಾಡು) ಇಲ್ಲದಿದ್ದರೆ ಸಾಲ್‌ನಲ್ಲಿ ಪೆಟ್ಟಿಗೆ ಬಿಡಿಸಿಕೊಂಡು ಮತ್ತೆ ಚೆಕ್‌ಇನ್ ಮಾಡಬೇಕು. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಹೊಣೆ ಯಾರದ್ದೂ ಅಲ್ಲ. ಅಮೆರಿಕದಿಂದ ಬರುವವರು ತಲೆಗೆ 23 ಕಿಲೋ ಪೆಟ್ಟಿಗೆ ಎರಡೆರಡು ತರುತ್ತಾರೆ, ಎಪ್ಪತ್ತು ಸೀಟಿನ ಎಟಿಆರ್‌ನ ಹೊಟ್ಟೆಯಲ್ಲಿ ಅಷ್ಟಕ್ಕೆ ಜಾಗವಿಲ್ಲ. 2019ರಲ್ಲಿ ಸಂಸ್ಥೆಯೇ ಪ್ರಾಯಾ ಮತ್ತು ಸಾವ್ ವಿಸೆಂಟೆಯನ್ನು ಸಾಲ್‌ಗೆ ಜೋಡಿಸಲು ಚಿಕ್ಕ ವಿಮಾನ ತರಿಸಬೇಕಾಯಿತು. ಎರಡು ವರ್ಷದ ಹಿಂದೆ ನಷ್ಟವೆಂದು ಕಳಚಿಟ್ಟ ಕೆಲಸ, ಹಬ್‌ಗೆ ಬೇಕೇಬೇಕಾದ ಕಾಲುವೆಯಾಗಿ ಮರಳಿ ಬಂತು. ದೇಶದ ಅರ್ಧ ಜನರಿಗೆ ಸಾಂಟಿಯಾಗೊದಿಂದ ನೇರವಾಗಿ ಹೊರದೇಶಕ್ಕೆ ಹಾರುವ ತಮ್ಮ ಸಂಸ್ಥೆ ಕೈಬಿಟ್ಟುಹೋಯಿತು ಅನ್ನಿಸಿದ್ದು ಸಹಜ. ಪ್ರಾಯಾದ ರನ್‌ವೇ ಸುಮಾರು 2,100 ಮೀಟರ್, ಸಾಲ್‌ನದು 3,200 ದಾಟುತ್ತದೆ ಎಂಬ ತಾಂತ್ರಿಕ ಸಮಜಾಯಿಷಿ ಅವರನ್ನು ಸಮಾಧಾನಪಡಿಸಲಿಲ್ಲ. 757 ವರ್ಷಗಟ್ಟಲೆ ಪ್ರಾಯಾದಿಂದಲೇ ಹಾರಿತ್ತು.

ಎರಡನೆಯದು ಒಪ್ಪಂದದ ಒಳಗೇ ಇದ್ದದ್ದು. ವಿಮಾನಗಳು ಬಂದದ್ದು ಪಾಲುದಾರನ ಗುಂಪಿನ ಮೂಲಕವೇ ಬಾಡಿಗೆಗೆ. ಆ ಗುಂಪಿನ ಬಳಿ 757ಗಳು ಬಹಳ ಇದ್ದವು, ನುರಿತ ಎಂಜಿನಿಯರ್‌ಗಳಿದ್ದರು, ಹಾಗಾಗಿ ತಾಂತ್ರಿಕವಾಗಿ ಇದು ಒಳ್ಳೆಯ ಆಸರೆ. ಹಣದ ದೃಷ್ಟಿಯಿಂದ ಮಾತ್ರ ಒಬ್ಬನೇ ವ್ಯಕ್ತಿ ಮಾಲೀಕನೂ ಹೌದು, ಮನೆ ಬಾಡಿಗೆಗೆ ಕೊಟ್ಟವನೂ ಹೌದು. ಸಂಸ್ಥೆ ನಷ್ಟದಲ್ಲಿದ್ದರೂ ಬಾಡಿಗೆ ಬರುತ್ತದೆ. ಷೇರಿನಲ್ಲಿ ಕಳೆಯಬಹುದಾದ್ದು 13 ಲಕ್ಷ ಯೂರೋ. ಅನುಮಾನಪಡಲು ದುರುದ್ದೇಶ ಇರಬೇಕಾಗಿಲ್ಲ, ಇಂಥ ಒಪ್ಪಂದದಲ್ಲಿ ಎರಡು ಪಕ್ಷಗಳ ಹಿತ ಒಂದೇ ಕಡೆ ಎಳೆಯುವುದಿಲ್ಲ. ಮಾರಾಟದ ದಿನವೇ ಬಾಡಿಗೆ ದರವನ್ನು ಸ್ವತಂತ್ರ ಮೌಲ್ಯಮಾಪಕರಿಂದ ಅಳೆಸಿ, ಹಾರಿದ ಗಂಟೆಗೆ ತಕ್ಕ ಬಾಡಿಗೆ ಎಂದು ಬರೆಸಿಕೊಳ್ಳುವುದು ಸರ್ಕಾರಕ್ಕೆ ಇದ್ದ ದಾರಿ.

ಆಮೇಲೆ ಆದದ್ದು

2020ರ ಮಾರ್ಚ್ 18ರಂದು ಕೊರೋನಾದಿಂದ ಹಾರಾಟ ಪೂರ್ತಿ ನಿಂತಿತು. ವಾಷಿಂಗ್ಟನ್, ಲಾಗೋಸ್ ಮಾರ್ಗಗಳಿಗೆ ಆಗ ಮೂರು ನಾಲ್ಕು ತಿಂಗಳು. ಹೊಸ ಮಾರ್ಗವೊಂದು ತನ್ನ ಕಾಲ ಮೇಲೆ ನಿಲ್ಲಲು ಸಾಮಾನ್ಯವಾಗಿ ಒಂದೂವರೆ, ಎರಡು ವರ್ಷ ಬೇಕು. ಹಬ್ ಸೋತಿತೋ ಗೆಲ್ಲುತ್ತಿತ್ತೋ ಎಂದು ಖಚಿತವಾಗಿ ಹೇಳಲು ಹಾಗಾಗಿ ಆಗದು. ಆದರೆ ನಿಂತ ವಿಮಾನಗಳ ಬಾಡಿಗೆ, ಸಂಬಳ, ವಿಮೆ ನಿಲ್ಲಲಿಲ್ಲ. ಸರ್ಕಾರ ಮತ್ತೆ ಸಾಲಗಳಿಗೆ ಖಾತರಿ ಕೊಟ್ಟಿತು.

2021ರ ಜೂನ್‌ನಲ್ಲಿ ಲಿಸ್ಬನ್ ಹಾರಾಟದೊಂದಿಗೆ ಮರಳಿ ಆರಂಭಿಸುವ ಯತ್ನ ನಡೆಯಿತು. ಅದು ಮುಂದುವರಿಯಲಿಲ್ಲ. ನಿಲ್ದಾಣಗಳನ್ನು ನಡೆಸುವ ಸರ್ಕಾರಿ ಕಂಪನಿಗೆ ಸಂಸ್ಥೆಯಿಂದ ಬಾಕಿ ಇತ್ತು. ಕೋರ್ಟ್ ಆದೇಶದ ಮೇಲೆ ವಿಮಾನ ಸಾಲ್‌ನಲ್ಲೇ ತಡೆಹಿಡಿಯಲ್ಪಟ್ಟಿತು. ನೆದರ್ಲೆಂಡ್ಸ್‌ನಲ್ಲಿ ಅನ್ಯರು ಹಿಡಿದದ್ದು 2016ರಲ್ಲಿ, ಈಗ ಸ್ವಂತ ಮನೆಯಲ್ಲೇ ಹಿಡಿದರು. ಈ ಸುತ್ತು ಬಾಕಿಯನ್ನು ಸಣ್ಣ ದೇಶಗಳಲ್ಲಿ ಮತ್ತೆಮತ್ತೆ ಕಾಣಬಹುದು. ನಿಲ್ದಾಣಕ್ಕೆ ಹೊರದೇಶದ ವಿಮಾನಗಳಿಂದ, ಸಾಗರದ ಮೇಲಿನ ಆಕಾಶ ನಿರ್ವಹಣೆಯ ಶುಲ್ಕದಿಂದ ಒಳ್ಳೆಯ ಆದಾಯ. ಪಕ್ಕದ ಕೋಣೆಯ ವಿಮಾನಸಂಸ್ಥೆ ಶುಲ್ಕ ಕಟ್ಟುವುದಿಲ್ಲ, ಎರಡೂ ಸರ್ಕಾರದ್ದೇ ಎಂದು ಯಾರೂ ಕೇಳುವುದಿಲ್ಲ. ಒಂದರ ಮಾಲೀಕತ್ವ ಬದಲಾದ ದಿನ ಹಳೆಯ ಚೀಟಿ ಹೊರಬರುತ್ತದೆ.

ಜುಲೈನಲ್ಲಿ ಸರ್ಕಾರ ಸಂಸ್ಥೆಯನ್ನು ಮರಳಿ ರಾಷ್ಟ್ರೀಕರಣ ಮಾಡಿತು. ಪಾಲುದಾರ ಒಪ್ಪಂದ ಮುರಿದನೆಂದು ಸರ್ಕಾರ ಹೇಳಿತು, ಪಾಲುದಾರ ಅದನ್ನು ಒಪ್ಪಲಿಲ್ಲ. 2021ರ ಡಿಸೆಂಬರ್ ಕೊನೆಗೆ ಲಿಸ್ಬನ್ ಹಾರಾಟ ಮತ್ತೆ ಶುರು. ಮುಂದಿನ ವರ್ಷ ಅಂಗೋಲಾದ ರಾಷ್ಟ್ರೀಯ ಸಂಸ್ಥೆಯಿಂದ ಒಂದು ಬೋಯಿಂಗ್ 737-700 ಬಾಡಿಗೆಗೆ ಬಂತು. 1996ರಂತೆ ಮತ್ತೆ ಒಂದು ಜೆಟ್.

ದ್ವೀಪಗಳ ನಡುವಿನ ಸೇವೆಯ ಕಥೆ ಬೇರೆ ದಾರಿಯಲ್ಲಿ ಅಲ್ಲಿಗೇ ಬಂತು. ಮೊದಲ ಖಾಸಗಿ ಕಂಪನಿ 2021ರಲ್ಲಿ ತನ್ನ ಪಾಲನ್ನು ಅಂಗೋಲಾದ ಇನ್ನೊಂದು ಕಂಪನಿಗೆ ಮಾರಿ ಹೊರಟಿತು. ಅದು 2024ರ ಏಪ್ರಿಲ್‌ನಲ್ಲಿ ನಿಲ್ಲಿಸಿತು. ಜನ ದ್ವೀಪಗಳಲ್ಲಿ ಸಿಕ್ಕಿಕೊಂಡಾಗ ಸರ್ಕಾರ ತಿರುಗಿ ನೋಡಿದ್ದು ಹಳೆಯ ಸಂಸ್ಥೆಯ ಕಡೆಗೆ. ಬಾಡಿಗೆ ಟರ್ಬೊಪ್ರಾಪ್ ತಂದು ಅದು ಮತ್ತೆ ದ್ವೀಪಗಳ ನಡುವೆ ಹಾರಿತು.

ಇದರಿಂದ ಎತ್ತಿಕೊಳ್ಳಬಹುದಾದ್ದು

ಇಂಥ ಸಂಸ್ಥೆ ನಡೆಸುವವರು ಮಾರ್ಗಗಳ ಪಟ್ಟಿಗಿಂತ ಮೊದಲು ಬರೆಯಬೇಕಾದ್ದು ಬದಲಿ ವಿಮಾನದ ಸಾಲನ್ನು. ಮೂರು ವಿಮಾನ ಇದ್ದರೆ ಎರಡಕ್ಕೆ ಆಗುವಷ್ಟೇ ವೇಳಾಪಟ್ಟಿ. ಮೂರನೆಯದು ನಿಂತೇ ಇರುತ್ತದೆ ಎಂದಲ್ಲ. ವಾರದಲ್ಲಿ ಎರಡು ದಿನ ಸಣ್ಣ ಹಾರಾಟಕ್ಕೆ, ಬೇಸಿಗೆ ನೂಕುನುಗ್ಗಲಿಗೆ, ಉಳಿದ ದಿನ ತಪಾಸಣೆಗೆ. ಬಾಡಿಗೆ ಕಟ್ಟಿಯೂ ಹಾರಿಸದೆ ಇಡುವುದು ಮಂತ್ರಿಗಳಿಗೆ ವಿವರಿಸಲು ಕಷ್ಟ. 72,000 ಯೂರೋದ ಒಂದು ತಡದ ಲೆಕ್ಕವನ್ನು ಅವರ ಮುಂದಿಟ್ಟರೆ ಸುಲಭವಾಗುತ್ತದೆ.

ಹೊಸ ಊರು ಸೇರಿಸುವ ಮೊದಲು ಇರುವ ಊರಿಗೆ ದಿನವೂ ಹಾರುವುದು ಮೇಲು. ಲಿಸ್ಬನ್ ಮತ್ತು ಬಾಸ್ಟನ್ ಎರಡನ್ನೂ ನಂಬಿಕಸ್ತವಾಗಿ ನಡೆಸಿದ್ದರೆ ವಲಸಿಗರೇ ವಿಮಾನ ತುಂಬಿಸುತ್ತಿದ್ದರು ಎಂಬುದು ಈ ಅಧ್ಯಯನದ ಅಭಿಪ್ರಾಯ. ಹಬ್‌ನ ಪ್ರಯಾಣಿಕರಿಗೆ ಬೇರೆ ನೂರು ದಾರಿಗಳಿವೆ, 50 ಯೂರೋ ಅಗ್ಗವಾದ ಕಡೆ ಹೋಗುತ್ತಾರೆ. ಊರಿಗೆ ಹೋಗುವವರಿಗೆ ಬೇರೆ ಊರಿಲ್ಲ. ಹೋಲಿಕೆಗೆ ಟೋಗೊದ ಲೋಮೆ ನಗರದಲ್ಲಿ 2010ರಿಂದ ನಡೆಯುತ್ತಿರುವ ಹಬ್ ನೋಡಬಹುದು. ಅಲ್ಲಿ ಹೆಚ್ಚಿನ ಹಾರಾಟ ಒಂದರಿಂದ ನಾಲ್ಕು ಗಂಟೆಯವು, ಒಂದೇ ವಿಮಾನ ದಿನಕ್ಕೆ ಹಲವು ಸಲ ಹಬ್‌ಗೆ ಬಂದುಹೋಗುತ್ತದೆ; ಸಾಗರ ದಾಟುವ ಕೆಲಸವನ್ನೂ ದೊಡ್ಡ ದುರಸ್ತಿಯನ್ನೂ ಇಥಿಯೋಪಿಯಾದ ಅಕ್ಕ ಸಂಸ್ಥೆ ನೋಡಿಕೊಳ್ಳುತ್ತದೆ.

ದ್ವೀಪಗಳ ಸೇವೆಗೆ ಬೇರೆ ಪುಸ್ತಕ, ಬೇರೆ ಬ್ಯಾಂಕ್ ಖಾತೆ ಬೇಕು. ಯಾವ ದ್ವೀಪಕ್ಕೆ ವಾರಕ್ಕೆ ಎಷ್ಟು ಹಾರಾಟ, ದರ ಎಷ್ಟು, ಕೊರತೆ ಬಿದ್ದರೆ ಸರ್ಕಾರ ಯಾವ ತಿಂಗಳ ಯಾವ ತಾರೀಕಿಗೆ ಎಷ್ಟು ಕೊಡುತ್ತದೆ ಎಂದು ಬರೆದ ಒಪ್ಪಂದ. ಖಾಸಗಿಯವರಿಗೆ ಒಪ್ಪಿಸಿದರೂ ಇದೇ ಒಪ್ಪಂದ ಬೇಕು, ಬಿಟ್ಟುಹೋಗುವ ಮೊದಲು ಆರು ತಿಂಗಳ ನೋಟಿಸಿನ ಷರತ್ತಿನೊಂದಿಗೆ. ಎಂಜಿನ್, ಲ್ಯಾಂಡಿಂಗ್ ಗೇರ್, ದೊಡ್ಡ ತಪಾಸಣೆಗಳಿಗಾಗಿ ಹಾರಿದ ಪ್ರತಿ ಗಂಟೆಗೂ, ಇಳಿದ ಪ್ರತಿ ಸಲಕ್ಕೂ ತೆಗೆದಿಡುವ ಹಣವನ್ನು ಡಾಲರ್‌ನಲ್ಲೇ, ಸಂಬಳದ ಖಾತೆಯಿಂದ ದೂರ ಇಡಬೇಕು. ಕಷ್ಟದ ತಿಂಗಳಲ್ಲಿ ಮೊದಲು ಕೈ ಹೋಗುವುದು ಅದಕ್ಕೇ, ಅದು ಖಾಲಿಯಾದದ್ದು ಗೊತ್ತಾಗುವುದು ಎಂಜಿನ್ ಕಳಚಿದ ದಿನ.

1999ರ ದುರಂತದ ಬಳಿಕ ಮುಚ್ಚಿದ ಸಾಂಟೊ ಆಂಟಾವ್ ನಿಲ್ದಾಣ ಇಷ್ಟೆಲ್ಲ ಬದಲಾವಣೆಗಳ ನಡುವೆಯೂ ಮುಚ್ಚಿಯೇ ಇತ್ತು. ಬ್ರಾವಾ ದ್ವೀಪದ ನಿಲ್ದಾಣವೂ ಹಾಗೆಯೇ. ಬಾಸ್ಟನ್‌ನಿಂದ ಆ ಎರಡು ದ್ವೀಪಗಳಿಗೆ ಹೊರಟವರು ಇಂದಿಗೂ ಕೊನೆಯ ತುಂಡು ದಾರಿಯನ್ನು ದೋಣಿಯಲ್ಲಿ ಕ್ರಮಿಸುತ್ತಾರೆ: ಸಾವ್ ವಿಸೆಂಟೆಯ ಮಿಂಡೆಲೊ ಬಂದರಿನಿಂದ ಸಾಂಟೊ ಆಂಟಾವ್‌ನ ಪೋರ್ಟೊ ನೊವೊಗೆ ಸುಮಾರು ಒಂದು ಗಂಟೆ, ಫೋಗೊದಿಂದ ಬ್ರಾವಾಕ್ಕೆ ಸಮುದ್ರ ಬಿಟ್ಟಷ್ಟು ಹೊತ್ತು.